ಗುರುಮಲ್ಲ ಲ್ಯಾಪ್‌ಟಾಪ್ ತಂದದ್ದು

ಹೂಂಗುಟ್ಟೋರು ಮುಂದಕ್ಕೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಶುರು ಮಾಡಿದ ಮೇಲೆ ನಾನು ನಿಲ್ಲಿಸೋನಲ್ಲ.

ಯಳಂದೂರಲ್ಲಿ ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಹೆಸರು ಚೆನ್ನಾಜಮ್ಮ, ಮಗನ ಹೆಸರು ಗುರುಮಲ್ಲ. ಮಗ ಬಾಗಿಲೆತ್ತರ ಬೆಳೆದಿದ್ದ. ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ. ಇನ್ನೇನು ಕಷ್ಟ ಅಂತೀರಾ? ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ಕಷ್ಟ! "ಲೈಟು ತೆಗಿಯಪ್ಪ" ಅಂದರೆ ಗೋಡೆಯಿಂದ ಕಿತ್ತು ಕೈಗೆ ತಂದು ಕೊಡೋನು. "ಬಾಯಿ ಮುಚ್ಚು" ಅಂದರೆ ಎರಡು ಕೈಲೂ ಬಾಯಿ ಮುಚ್ಚಿಕೊಂಡು, ಇನ್ನೊಂದು ಮಾತು ಬರೋವರೆಗೂ ಹಂಗೇ ನಿಂತಿರೋನು.

ಚೆನ್ನಾಜಮ್ಮನ ಗಂಡ ತೀರಿಕೊಂಡಾಗ ಬಿಟ್ಟು ಹೋದದ್ದು ಒಂದು ಫೋಟೋ ಸ್ಟುಡಿಯೋ, ಒಬ್ಬ ಗುರುಮಲ್ಲ. ಎರಡನ್ನೂ ಅವಳೇ ನಡೆಸಬೇಕು. ಮಗ ಫೋಟೋ ತೆಗೀತಿದ್ದ. ಅವನ ಕೈ ಮಾತ್ರ ಬಂಗಾರ! "ಅಲ್ಲಾಡಬೇಡ" ಅಂದರೆ ಕಂಬ ಅಲ್ಲಾಡೀತು, ಅವನ ಕೈ ಅಲ್ಲಾಡದು. ತಾಯಿ ಕಂಪ್ಯೂಟರ್ ಮುಂದೆ ಕೂತು ಮುಖ ತಿದ್ದೋಳು. ಕಪ್ಪಗಿದ್ದ ಮುಖ ಬೆಳಗಿಸೋಳು, ಬೆವರು ಒರೆಸೋಳು.

ಆದರೆ ಊರಲ್ಲಿ ಹೊಸ ಹೊಸ ಸ್ಟುಡಿಯೋ ಬಂದವು. ಆಕಾಶದಲ್ಲಿ ಕ್ಯಾಮೆರಾ ಹಾರಿಸೋರು ಬಂದರು. ಚೆನ್ನಾಜಮ್ಮನಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ, ಮತ್ತೆ ಒಂದೇ ಒಂದು ದೊಡ್ಡ ಮದುವೆ. ಪಟೇಲ್ ಮರಿಸ್ವಾಮಪ್ಪನವರ ಮೊಮ್ಮಗನ ಮದುವೆ.

ಪಟೇಲರು ಹೇಳಿ ಕಳಿಸಿದ್ದರು. "ನನ್ನ ಮಗನ ಮದುವೆ ಫೋಟೋ ನಿನ್ನ ಗಂಡ ತೆಗೆದ. ಮೊಮ್ಮಗಂದು ನಿನ್ನ ಮಗನೇ ತೆಗೀಲಿ. ಆದರೆ ತಾಯಿ, ಮದುವೆ ಮುಗಿದ ಮಾರನೇ ದಿನವೇ ಬೀಗರ ಮುಂದೆ ಎಲ್ಲಾ ಫೋಟೋ ತೋರಿಸಬೇಕು. ತಡ ಮಾಡಿದ್ಯೋ, ಮುಂದಿನ ಮದುವೆಗೆ ಆಕಾಶದವರನ್ನೇ ಕರೀತೀನಿ!"

ಹಂಗಂದ ವಾರದಲ್ಲೇ ಸ್ಟುಡಿಯೋದ ಹಳೇ ಕಂಪ್ಯೂಟರು ಗುರ್ರ್ ಅಂತು, ಹೊಗೆ ಬಿಡ್ತು, ಕಣ್ಣು ಮುಚ್ಚಿಕೊಂಡಿತು. ರಿಪೇರಿಯವನು ಬಂದು ನೋಡಿ ಕೈ ಮುಗಿದು ಹೋದ.

ಚೆನ್ನಾಜಮ್ಮನಿಗೆ ಕೂತರೆ ನಿಲ್ಲೋಣ ಅನ್ನಿಸ್ತು, ನಿಂತರೆ ಕೂರೋಣ ಅನ್ನಿಸ್ತು. ಮದುವೆ ಹತ್ತಿರ ಬಂತು. ಇನ್ನು ಮೇಜಿನ ಕಂಪ್ಯೂಟರು ಬೇಡ, ಲ್ಯಾಪ್‌ಟಾಪೇ ಬೇಕು. ಛತ್ರಕ್ಕೂ ಹೊತ್ತುಕೊಂಡು ಹೋಗಬೇಕು, ಪಟೇಲರ ಮನೆಗೂ ಹೊತ್ತುಕೊಂಡು ಹೋಗಬೇಕು. ಆದರೆ ತರೋರು ಯಾರು? ಪರೀಕ್ಷೆ ಕಾಲ. ಫೋಟೋ ಬೇಕು ಅಂತ ಸ್ಕೂಲು ಮಕ್ಕಳು ಸಾಲು ನಿಂತಿದ್ದರು. ಅವಕ್ಕೆ ಕಂಪ್ಯೂಟರ್ ಬೇಡ, ಕ್ಯಾಮೆರಾದಿಂದಲೇ ಪ್ರಿಂಟು; ಅವಳು ಅಂಗಡಿ ಬಿಡೋ ಹಾಗಿಲ್ಲ.

"ಮಗಾ, ಚಾಮರಾಜನಗರಕ್ಕೆ ಹೋಗು. ನಾಗಭೂಷಣ ಶೆಟ್ಟರ ಅಂಗಡಿ ಅದೆ. ಒಳ್ಳೇ ಲ್ಯಾಪ್‌ಟಾಪ್ ಒಂದು ನೋಡ್ಕಂಡು ಬಾ!"

"ಆಯ್ತವ್ವಾ!"

ಹೋದ. ಬಸ್ಸು ಹತ್ತಿ ಹೋದ. ಚೆನ್ನಾಜಮ್ಮ ಒಳಗೆ ಒಂದು ಫೋಟೋ ತೆಗೆದಳು, ಬಾಗಿಲಿಗೆ ಬಂದು ರಸ್ತೆ ನೋಡಿದಳು. ಇನ್ನೊಂದು ತೆಗೆದಳು, ಮತ್ತೆ ಬಾಗಿಲಿಗೆ ಬಂದಳು. ದೀಪ ಹಚ್ಚೋ ಹೊತ್ತಿಗೆ ಮಗ ಬಂದ. ಕೈ ಬೀಸಿಕೊಂಡು ಬಂದ.

"ಎಲ್ಲಿ ಲಾ ಲ್ಯಾಪ್‌ಟಾಪು?"

"ಅಂಗಡೀಲಿ ಅದೆ ಅವ್ವಾ."

"ಮತ್ತೆ ನೀನು ಹೋಗಿ ಮಾಡಿದ್ದೇನು?"

"ನೋಡ್ದೆ. ಬೆಳಗಿಂದ ಸಂಜೆಗಂಟ ನೋಡ್ದೆ. ಬೆಳ್ಳಗಿರೋದು ಒಂದು, ನೋಡೋಕೆ ಬಲು ಚೆನ್ನಾಗದೆ. ಶೆಟ್ಟರು ಕುರ್ಚಿ ಕೊಟ್ಟರು, ಟೀ ಕೊಟ್ಟರು. ಆಮೇಲೆ ಅವರೂ ಕೂತ್ಕಂಡು ನನ್ನ ನೋಡಿದರು."

"ಅಯ್ಯೋ ಪೆದ್ದಪ್ಪಾ! ಸಿನಿಮಾ ನೋಡ್ದಂಗೆ ನೋಡಿಬುಟ್ಟು ಬಂದ್ಯಾ?"

"ನೀನೇ ಹೇಳಿದ್ಯಲ್ಲವ್ವಾ, ನೋಡ್ಕಂಡು ಬಾ ಅಂತ!"

ಚೆನ್ನಾಜಮ್ಮ ಹಣೆ ಚಚ್ಚಿಕೊಂಡಳು. "ಬರೀ ನೋಡಿದರೆ ಸಾಲದು ಕನ ಲಾ! ಎತ್ತಿ ನೋಡ್ಬೇಕು! ಹೊತ್ತು ತಿರುಗೋ ವಸ್ತು ಅದು. ಒಂದೊಂದನ್ನೂ ಕೈಲಿ ಎತ್ತಿ ನೋಡಿ, ಎಲ್ಲಕ್ಕಿಂತ ಹಗುರವಾಗಿರೋದನ್ನ ತಗಂಡು ಬಾ!"

"ಆಯ್ತವ್ವಾ!"

ಮಾರನೇ ದಿನ ಹೋದ. ಬಸ್ಸು ಹತ್ತಿ ಹೋದ. ಅಂಗಡೀಲಿ ಒಂದೊಂದನ್ನೂ ಎತ್ತಿದ. ಕಪ್ಪಗಿರೋದು ಎತ್ತಿದ, ಬೆಳ್ಳಗಿರೋದು ಎತ್ತಿದ. ಪ್ರಿಂಟರ್ ಎತ್ತಿದ, ಫ್ಯಾನು ಎತ್ತಿದ. ಅಂಗಡಿ ಗುಡಿಸೋ ಹುಡುಗಿಯ ಬಕೇಟು ಎತ್ತಿದ. ನಾಗಭೂಷಣ ಶೆಟ್ಟರನ್ನೂ ಕುರ್ಚಿ ಸಮೇತ ಎತ್ತಿ, "ಇದು ಭಾರ" ಅಂತ ಕೆಳಗಿಟ್ಟ!

ಸಂಜೆ ಬಂದ. ಈ ಸಲ ಬರಿಗೈಯಲ್ಲಿ ಬರಲಿಲ್ಲ. ಕಂಕುಳಲ್ಲಿ ಒಂದು ಪೊಟ್ಟಣ. ಚೆನ್ನಾಜಮ್ಮ ಓಡಿ ಬಂದು ಕಾಗದ ಹರಿದಳು. ಒಳಗೆ ಏನಿತ್ತು? ಬೆಳ್ಳನೆ ಥರ್ಮಾಕೋಲು! ಲ್ಯಾಪ್‌ಟಾಪ್ ಡಬ್ಬದೊಳಗೆ ಅಲ್ಲಾಡದಂಗೆ ಇಟ್ಟಿರ್ತಾರಲ್ಲ, ಅದು!

"ಎಲ್ಲಕ್ಕಿಂತ ಹಗುರ ಇದೇ ಕನವ್ವಾ! ಶೆಟ್ಟರು ಸುಮ್ಮನೇ ಕೊಟ್ಟರು. ಮತ್ತೆ ಬರಬೇಡ ಅಂದರು."

"ಅಯ್ಯೋ! ನಿನ್ನ ತಲೆ ತೂಕ ಹಾಕಿದರೆ ಅದಕ್ಕಿಂತ ಹಗುರ ಕನ ಲಾ! ಹಗುರ ಆದರೆ ಸಾಕಾ? ಸ್ಕ್ರೀನು ನೋಡಬೇಡ್ವಾ?"

"ಸ್ಕ್ರೀನು ಅಂದರೆ?"

"ಪರದೆ! ಫೋಟೋ ಕೆಲಸಕ್ಕೆ ಪರದೇನೇ ಮುಖ್ಯ. ಬಣ್ಣ ಇದ್ದದ್ದು ಇದ್ದಂಗೆ ಕಾಣ್ಬೇಕು. ಅರಿಶಿನ ಅರಿಶಿನದಂಗೆ, ಕುಂಕುಮ ಕುಂಕುಮದಂಗೆ! ಪರದೆ ಚೆನ್ನಾಗಿರೋದು ನೋಡಿ ತಾ!"

"ಆಯ್ತವ್ವಾ!"

ಏನು ತಂದ ಅಂತ ನಾನು ಹೇಳೋದು ಬೇಡ, ನೀವೇ ಹೇಳ್ತೀರಿ. ಜವಳಿ ಅಂಗಡಿಗೆ ಹೋದ, ಕಿಟಕಿ ಪರದೆ ತಂದ! ಅರಿಶಿನದ ಬಣ್ಣ, ಅಂಚಿಗೆ ಕುಂಕುಮದ ಬಣ್ಣ, ಕೆಳಗೆ ಕುಚ್ಚು. ಬಾಗಿಲಲ್ಲೇ ಬಿಚ್ಚಿ ಹಿಡಿದು ನಿಂತ. ಫೋಟೋಗೆ ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದವು. ಚೆನ್ನಾಜಮ್ಮನಿಗೆ ನಗು ಬರಲಿಲ್ಲ. ಆ ಪರದೆ ಮೇಲೇ ಕುಸಿದು ಕೂತಳು. ಕೂತಿದ್ದೋಳು ತಿರುಗಾ ಎದ್ದಳು. ಮದುವೆ ಇನ್ನೂ ಹತ್ತಿರ ಬಂದಿತ್ತು.

"ಲೇ, ಜವಳಿ ಅಂಗಡಿಗೆ ಯಾಕಲಾ ಹೋದೆ? ಲ್ಯಾಪ್‌ಟಾಪ್ ಅಂಗಡಿ ಬುಟ್ಟು ಆಚೆ ಕಾಲಿಡಬೇಡ! ಅಲ್ಲೇ ನಿಂತು ಬಾಯಿ ಬುಟ್ಟು ಕೇಳು! ಮೆಮೊರಿ ಎಷ್ಟದೆ ಅಂತ ಕೇಳು!"

"ಮೆಮೊರಿ ಅಂದರೆ?"

"ನೆನಪು ಕನ, ನೆನಪು! ಸಾವಿರಾರು ಮುಖ ನೆನಪಿಟ್ಕಬೇಕು ಅದು. ನೆನಪಿನ ಶಕ್ತಿ ಇಲ್ಲದ್ದು ನಮಗೆ ಬೇಡ!"

"ಆಯ್ತವ್ವಾ!"

ಹೋದ. ಶೆಟ್ಟರು ಅವನನ್ನ ಕಂಡು ಕುರ್ಚಿ ಬಿಟ್ಟು ಎದ್ದರು, ಮತ್ತೆಲ್ಲಿ ಎತ್ತಿಬಿಡ್ತಾನೋ ಅಂತ! ಗುರುಮಲ್ಲ ಅವರ ಕಡೆ ತಿರುಗಲಿಲ್ಲ. ನೆಟ್ಟಗೆ ಆ ಬೆಳ್ಳಗಿರೋ ಲ್ಯಾಪ್‌ಟಾಪ್ ಮುಂದೆ ಹೋಗಿ ಬಗ್ಗಿದ. "ನಮಸ್ಕಾರ. ಅವತ್ತು ಬೆಳಗಿಂದ ಸಂಜೆಗಂಟ ನಿನ್ನ ಮುಂದೇನೇ ಕೂತಿದ್ದೆ. ನನ್ನ ನೆನಪದಾ?"

ಲ್ಯಾಪ್‌ಟಾಪು ಸುಮ್ಮನಿತ್ತು.

ಪಕ್ಕದ್ದಕ್ಕೆ ಬಗ್ಗಿದ. "ನಿನ್ನ ಎತ್ತಿದ್ದೆ ಕನಪ್ಪಾ! ಎರಡು ಕೈಲೂ ಎತ್ತಿದ್ದೆ! ನೆನಪದಾ?" ಅದೂ ಸುಮ್ಮನಿತ್ತು. ಸಾಲಾಗಿ ಎಲ್ಲವನ್ನೂ ಕೇಳಿದ. ಗಿರಾಕಿಗಳು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋದರು.

ಮುಖ ಬಾಡಿಸಿಕೊಂಡು ಮನೆಗೆ ಬಂದ. "ಅವ್ವಾ, ಆ ಅಂಗಡಿ ಸಾಮಾನು ಬೇಡ. ಒಂದಕ್ಕೂ ನನ್ನ ನೆನಪಿಲ್ಲ."

ಚೆನ್ನಾಜಮ್ಮ ಬೈಯೋಕೆ ಬಾಯಿ ತೆಗೆದಳು. ಅವನ ಕಣ್ಣಲ್ಲಿ ನೀರಿತ್ತು. ಬಾಯಿ ಮುಚ್ಚಿಕೊಂಡಳು. ನಾನು ಸತ್ತರೆ ಇವನ ಗತಿ ಏನು ಅಂತ ಒಂದು ಯೋಚನೆ ಬಂತು, ಮುಳ್ಳು ಚುಚ್ಚಿದಂಗೆ ಚುಚ್ಚಿತು. ಈ ಸ್ಟುಡಿಯೋ ಒಂದು ನಿಂತಿದ್ದರೆ ಹೆಂಗೋ ಬದುಕಿಕೊಂಡಾನು. ನಿಂತಿರಬೇಕಲ್ಲ!

ಫೋನು ತಗೊಂಡಳು, ಶೆಟ್ಟರಿಗೆ ಮಾಡಿದಳು.

"ತಪ್ಪಾಯ್ತು ಸ್ವಾಮಿ. ಅವನು ನನ್ನ ಮಗ."

"ಅಯ್ಯೋ ತಾಯಿ, ಮೊದಲೇ ಹೇಳಬಾರದಾ! ನಿಮಗೆ ಏನು ಬೇಕು ಹೇಳಿ."

"ಫೋಟೋ ತಿದ್ದಬೇಕು. ಹೊತ್ತು ತಿರುಗಬೇಕು. ಮಿಕ್ಕ ದಿನ ಯಾರಿಗಾದ್ರೂ ಅರ್ಜಿ ಹಾಕಿಕೊಡೋಕೆ, ಪಹಣಿ ತೆಗೆದುಕೊಡೋಕೆ, ಹಿಂಗೆ ದಿನಬಳಕೆಗೂ ಆಗಬೇಕು."

"ಹಂಗಾದರೆ ತೀರಾ ದೊಡ್ಡದು ಬೇಡ, ಹೊರೋಕೆ ಕಷ್ಟ. ತೀರಾ ಚಿಕ್ಕದೂ ಬೇಡ, ತಿದ್ದುವಾಗ ಕಣ್ಣಿಗೆ ಕಷ್ಟ. ಬರೀ ಹೊಳಪು ನೋಡಿ ಮೋಸ ಹೋಗಬೇಡಿ ತಾಯಿ, ಬಣ್ಣ ನಿಜವಾಗಿ ತೋರಿಸೋದು ಬೇಕು. ಕರೆಂಟ್ ಹೋದರೂ ಅರ್ಧ ದಿನ ಬ್ಯಾಟರಿ ನಿಲ್ಲಬೇಕು. ಅಂಥಾದ್ದು ಒಂದಿದೆ. ನಿಮ್ಮ ಮಗ ಮೊದಲನೇ ದಿನ ಕೂತು ನೋಡಿದ್ದನಲ್ಲ, ಅದೇ!"

ಚೆನ್ನಾಜಮ್ಮ ಮಗನ ಕಡೆ ನೋಡಿದಳು. ಅವನು ಥರ್ಮಾಕೋಲನ್ನ ತಲೆ ಮೇಲೆ ನಿಲ್ಲಿಸಿಕೊಂಡು ಆಡ್ತಿದ್ದ.

"ಮಗಾ, ಕೇಳು. ನೀನು ಇನ್ನು ಏನೂ ಕೇಳ್ಬೇಡ, ಏನೂ ಎತ್ತಬೇಡ. ದುಡ್ಡು ಶೆಟ್ಟರ ಕೈಗೆ ಕೊಡು, ಅವರು ಕೊಟ್ಟದ್ದು ಈಸ್ಕ. ಬಸ್ಸಲ್ಲಿ ಕಾಲ ಕೆಳಗೆ ಇಟ್ಟೀಯ, ಯಾರಾದ್ರೂ ತುಳಿದಾರು. ಮೇಲೆ ಇಟ್ಟೀಯ, ಬಿದ್ದೀತು. ತೊಡೆ ಮೇಲೆ ಇಟ್ಕ! ಏನೇ ಆಗಲಿ, ತೊಡೆ ಮೇಲಿಂದ ತೆಗೀಬೇಡ!"

"ಆಯ್ತವ್ವಾ!"

ಈ ಸಲ ಅವಳು ಸ್ಟುಡಿಯೋ ಬಾಗಿಲು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೇ ಬಂದು ನಿಂತಳು. ಒಂದು ಬಸ್ಸು ಬಂತು, ಇವನಿಲ್ಲ. ಇನ್ನೊಂದು ಬಂತು, ಇವನಿಲ್ಲ. ಆ ಕಡೆ ನಡೆದಳು, ಈ ಕಡೆ ನಡೆದಳು. ಮೂರನೇದು ಬಂತು. ಕಿಟಕೀಲಿ ಗುರುಮಲ್ಲ! ತೊಡೆ ಮೇಲೆ ಹೊಸ ಡಬ್ಬ! ಮುಖದ ತುಂಬಾ ನಗು!

"ಇಳಿಯಲಾ ಮಗಾ!"

"ಇಳಿಯೋ ಹಂಗಿಲ್ಲ ಅವ್ವಾ!"

"ಯಾಕಲಾ?"

"ಎದ್ದು ನಿಂತರೆ ತೊಡೆ ಎಲ್ಲಿರ್ತದೆ?"

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಚೆನ್ನಾಜಮ್ಮ ಹಿಂದೆ ಓಡಿದಳು. "ಇಳಿಸ್ರಪ್ಪಾ! ನನ್ನ ಮಗನ್ನ ಇಳಿಸ್ರಪ್ಪಾ!" ಬಸ್ಸು ನಿಲ್ಲಲಿಲ್ಲ. ಕೊಳ್ಳೇಗಾಲಕ್ಕೆ ಹೋಯ್ತು. ಅಲ್ಲಿ ಎಲ್ಲರೂ ಇಳಿದರು, ಗುರುಮಲ್ಲ ಇಳಿಯಲಿಲ್ಲ. ಅದೇ ಬಸ್ಸು ತಿರುಗಿ ಬಂತು, ಗುರುಮಲ್ಲನೂ ತಿರುಗಿ ಬಂದ. ಚೆನ್ನಾಜಮ್ಮ ತಾನೇ ಒಳಕ್ಕೆ ಹತ್ತಿದಳು, ಡಬ್ಬ ಕಿತ್ತುಕೊಂಡು ಎದೆಗೆ ಅಪ್ಪಿಕೊಂಡಳು, ಇನ್ನೊಂದು ಕೈಲಿ ಮಗನ ರಟ್ಟೆ ಹಿಡಿದು ಇಳಿಸಿದಳು.

"ನೀನೇ ಹೇಳಿದ್ಯಲ್ಲವ್ವಾ…"

"ಹೂಂ ಕನಪ್ಪಾ, ನಾನೇ ಹೇಳಿದ್ದೆ. ನಡಿ!"

ಅಂತೂ ಲ್ಯಾಪ್‌ಟಾಪು ಮನೆಗೆ ಬಂತು. ಚೆನ್ನಾಜಮ್ಮ ಅದಕ್ಕೆ ಕುಂಕುಮ ಇಟ್ಟಳು, ತೆರೆದಳು. ಅರಿಶಿನ ಅರಿಶಿನದಂಗೆ ಕಂಡಿತು. ಎಷ್ಟೋ ದಿನದ ಮೇಲೆ ಒಂದು ಉಸಿರು ನೆಟ್ಟಗೆ ಬಿಟ್ಟಳು. ಗುರುಮಲ್ಲನಿಗೂ ಕಲಿಸಿದಳು. ಇಲ್ಲಿ ಒತ್ತಿದರೆ ಮೊಡವೆ ಹೋಯ್ತದೆ, ಇಲ್ಲಿ ಎಳೆದರೆ ಬಣ್ಣ ಬರ್ತದೆ. ಕೈ ಬಂಗಾರ ಅಂದೆನಲ್ಲ, ಅವನು ಒಂದೇ ದಿನದಲ್ಲಿ ಕಲಿತ!

"ಭೇಷ್ ಮಗಾ! ಇಷ್ಟು ಒಳ್ಳೇ ವಸ್ತೂನ ಬರೀ ಮದುವೆಗೆ ಅಂತ ಕಟ್ಟಿಡಬಾರದು. ದಿನಬಳಕೆಗೂ ಬಳಸು!" ಅಂದಳು. ಅಂದು, ಬಟ್ಟೆ ಒಗೆಯೋಕೆ ಹಿತ್ತಲಿಗೆ ಹೋದಳು.

ಬಂದು ನೋಡ್ತಾಳೆ, ಗುರುಮಲ್ಲ ಲ್ಯಾಪ್‌ಟಾಪ್ ಅಂಗಾತ ಬಿಚ್ಚಿ ನೆಲದ ಮೇಲೆ ಮಲಗಿಸಿದ್ದಾನೆ. ಬೆಳ್ಳಗೆ ಬೆಳಗ್ತಾ ಅದೆ ಪರದೆ. ಅದರ ಮೇಲೆ ಒಂದು ಸೇರು ಅಕ್ಕಿ ಹರಡಿಕೊಂಡು ಕಲ್ಲು ಆರಿಸ್ತಾ ಕೂತಿದ್ದಾನೆ!

"ಅಯ್ಯಯ್ಯೋ! ಅಯ್ಯಯ್ಯಯ್ಯೋ!"

"ಮೊರಕ್ಕಿಂತ ಚೆನ್ನಾಗದೆ ಅವ್ವಾ! ಕೆಳಗಿಂದ ಬೆಳಕು ಬರ್ತದೆ. ಕರೀ ಕಲ್ಲೆಲ್ಲಾ ಎದ್ದು ಕಾಣ್ತವೆ!"

ಚೆನ್ನಾಜಮ್ಮ ಲ್ಯಾಪ್‌ಟಾಪ್ ಬೋರಲು ಹಿಡಿದು ಕೊಡವಿದಳು. ಅಕ್ಕಿ ಉದುರಿತು. ಊದಿದಳು, ಇನ್ನೂ ಉದುರಿತು. ಹೇರ್‌ಪಿನ್ ತಗೊಂಡು ಗುಂಡಿ ಸಂದಿ ಸಂದೀಲಿ ಕೆದಕಿದಳು. ಗುಂಡಿ ಒತ್ತಿದಳು. ಅಬ್ಬಾ, ಹತ್ತಿಕೊಂಡಿತು!

ಆಮೇಲೆ ಬೈದಳು ನೋಡಿ! "ಮೊರ ಅಲ್ಲ ಕನ ಲಾ ಇದು! ಇದರಲ್ಲಿ ಮಾಡೋ ಕೆಲಸ ಎರಡೇ! ಮುಖ ತಿದ್ದು, ಸೇವ್ ಮಾಡು! ಬಾಯಿಪಾಠ ಮಾಡ್ಕ! ಏನು?"

"ಮುಖ ತಿದ್ದು, ಸೇವ್ ಮಾಡು!"

"ಒಬ್ಬರನ್ನೂ ಬುಡಬೇಡ! ಸೇವ್ ಮಾಡದೆ ಮುಚ್ಚಿದ್ಯೋ, ನಾನು ಪಟೇಲರ ಮುಂದೆ ತಲೆ ಎತ್ತೋ ಹಂಗಿಲ್ಲ!"

"ಆಯ್ತವ್ವಾ! ಮುಖ ತಿದ್ದು, ಸೇವ್ ಮಾಡು! ಮುಖ ತಿದ್ದು, ಸೇವ್ ಮಾಡು!" ಉಣ್ಣುವಾಗಲೂ ಅಂದ, ನೀರು ಸೇದುವಾಗಲೂ ಅಂದ.

ಮದುವೆ ಆಯ್ತು. ಗುರುಮಲ್ಲ ಫೋಟೋ ತೆಗೆದ. ಒಂದೂ ಅಲ್ಲಾಡಿಲ್ಲ, ಒಂದೂ ಮಸುಕಾಗಿಲ್ಲ. ಚೆನ್ನಾಜಮ್ಮ ಕ್ಯಾಮೆರಾದಿಂದ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಳು. "ನೀನು ಶುರು ಮಾಡು ಮಗಾ" ಅಂದು, ಕಾಲು ಚಾಚಿದ್ದಷ್ಟೇ ಗೊತ್ತು, ನಿದ್ದೆ ಬಂದುಬಿಡ್ತು. ಎದ್ದಾಗ ಬಿಸಿಲು ಬಂದಿತ್ತು. ಗುರುಮಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ.

"ಆಯ್ತಾ ಮಗಾ?"

"ಎಲ್ಲಾ ಆಯ್ತವ್ವಾ! ಒಬ್ಬರನ್ನೂ ಬುಟ್ಟಿಲ್ಲ!"

ನೋಡೋಣ ಅಂತ ಕೂರೋದರೊಳಗೆ ಪಟೇಲರ ಮನೆಯಿಂದ ಆಳು ಓಡಿ ಬಂದ. "ಬೇಗ ಬರ್ಬೇಕಂತೆ! ಬೀಗರು ಹೊರಡ್ತಾವ್ರೆ!" ಮುಖಕ್ಕೆ ನೀರು ಎರಚಿಕೊಂಡಳು, ಲ್ಯಾಪ್‌ಟಾಪ್ ಎತ್ತಿಕೊಂಡಳು, ಮಗನ್ನ ಎಳೆದುಕೊಂಡು ಆಟೋ ಹತ್ತಿದಳು.

ಪಟೇಲ್ ಮರಿಸ್ವಾಮಪ್ಪನವರ ಜಗಲೀಲಿ ಜನ ತುಂಬಿದ್ದರು. ಆ ವಂಶದ ಮೀಸೆ ಹೆಂಗೆ ಅಂತೀರಿ! ಮಕ್ಕಳಿಗೆ ಮೀಸೆ, ಮೊಮ್ಮಕ್ಕಳಿಗೆ ಮೀಸೆ. ಪಟೇಲರದ್ದಂತೂ ಎರಡು ಕೆನ್ನೆ ದಾಟಿ ಕಿವಿ ಹತ್ತಿರ ಹೋಗಿ ವಿಚಾರಿಸಿಕೊಂಡು ಬರೋವಂಥ ಮೀಸೆ! ಬೀಗರೆಲ್ಲ ಸುತ್ತ ಕೂತರು. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗುರುಮಲ್ಲ ತೆರೆದ.

ಮೊದಲನೇ ಫೋಟೋ. ಮದುಮಗ. ಮೂತಿ ನುಣ್ಣಗೆ, ಎಳನೀರಿನ ಗಂಜಿ ಹಂಗೆ!

"ಯಾರಪ್ಪಾ ಇದು?" ಅಂದಿತು ಮದುಮಗಳು.

ಎರಡನೇದು. ಮದುಮಗನ ಅಪ್ಪ. ಮೀಸೆ ಇಲ್ಲ! ಮೂರನೇದು. ಚಿಕ್ಕಪ್ಪ. ಮೀಸೆ ಇಲ್ಲ, ಗಡ್ಡ ಇಲ್ಲ! ನಾಲ್ಕನೇದು ಬಂತು. ಪಟೇಲರು ಬಗ್ಗಿದರು, ಕನ್ನಡಕ ಹಾಕಿಕೊಂಡರು, ತಮ್ಮ ಮೂಗಿನ ಕೆಳಗೆ ಕೈಯಾಡಿಸಿ ನೋಡಿಕೊಂಡರು.

"ನನ್ನ ಮೀಸೆ ಎಲ್ಲಿ?" ಜಗಲಿ ನಡುಗಿತು. "ಚೆನ್ನಾಜಮ್ಮ! ನನ್ನ ಮೀಸೆ ಎಲ್ಲಿ?"

"ಏನ್ ಲಾ ಇದು! ಏನು ಮಾಡಿದ್ದೀಯಲಾ!"

"ನೀನೇ ಹೇಳಿದ್ಯಲ್ಲವ್ವಾ! ಮುಖ ತಿದ್ದು, ಸೇವ್ ಮಾಡು. ಎಲ್ಲರನ್ನೂ ಸೇವ್ ಮಾಡಿದ್ದೀನಿ, ಕ್ಷೌರದಂಗಡಿಗಿಂತ ನುಣ್ಣಗೆ, ಒಂದು ಕೂದಲು ಬುಟ್ಟಿಲ್ಲ! ಪಟೇಲರದ್ದೇ ವಸಿ ತಡ ಆಯ್ತು. ದಪ್ಪ ಇತ್ತು."

ಚೆನ್ನಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಸ್ಟುಡಿಯೋ ಹೋಯ್ತು, ಮಾನ ಹೋಯ್ತು. "ಹಾಕಲಾ ಮೀಸೆ!" ಅಂತ ಕಿರುಚಿದಳು. "ಈಗಲೇ ಹಾಕು! ಎಲ್ಲರಿಗೂ ಹಾಕು! ಒಬ್ಬರನ್ನೂ ಬುಡಬೇಡ!"

"ಆಯ್ತವ್ವಾ!"

ಪಟೇಲರ ಹೆಂಡತಿ ಶಿವರುದ್ರಮ್ಮ ಬಂದು ಅವಳ ಕೈ ಹಿಡಿದರು. "ಬಾವ್ವ ಒಳಕ್ಕೆ. ಬೆವರು ಸುರೀತಾ ಅದೆ. ಒಂದು ಲೋಟ ಕಾಫಿ ಕುಡಿ. ಗಂಡಸರ ಕೂಗು ಎಷ್ಟು ಹೊತ್ತು!"

ಅಡುಗೆಮನೇಲಿ ಚೆನ್ನಾಜಮ್ಮ ಲೋಟ ಬಾಯಿಗಿಟ್ಟಳು. ಅರ್ಧ ಕುಡಿದಿದ್ದಳು, ತಟ್ಟಂತ ನೆನಪಾಯ್ತು. ಕ್ಯಾಮೆರಾ ಕಾರ್ಡು! ತೆಗೆದ ಫೋಟೋ ತೆಗೆದ ಹಂಗೇ ಕಾರ್ಡಲ್ಲಿ ಅವೆಯಲ್ಲ! ಮೀಸೆ ಎಲ್ಲೂ ಹೋಗಿಲ್ಲ! ಲೋಟ ಅಲ್ಲೇ ಬಿಟ್ಟು ಜಗಲಿಗೆ ಓಡಿದಳು. "ಬೇಡ ಬುಡು ಮಗಾ! ನಿಲ್ಲಿಸು!"

ತಡವಾಗಿತ್ತು. ಎಲ್ಲರೂ ಬಗ್ಗಿ ನೋಡ್ತಾವ್ರೆ.

ಮನೆಯವರೆಲ್ಲಾ ಕೂಡಿ ನಿಂತ ದೊಡ್ಡ ಫೋಟೋ. ಮದುಮಗನಿಗೆ ಮೀಸೆ. ಅಪ್ಪನಿಗೆ, ಚಿಕ್ಕಪ್ಪನಿಗೆ, ಪಟೇಲರಿಗೆ ಮೀಸೆ. ಮದುಮಗಳಿಗೂ ಮೀಸೆ! ಬಾಸಿಂಗದ ಕೆಳಗೆ ಸಣ್ಣಗೆ ಹುರಿ ಮಾಡಿದ ಮೀಸೆ. ಬೀಗಿತ್ತಿಗೆ ಮೀಸೆ, ನಾದಿನಿಯರಿಗೆ ಮೀಸೆ, ಕಂಕುಳ ಕೂಸಿಗೆ ಮೀಸೆ. ನಡುಮಧ್ಯೆ ಶಿವರುದ್ರಮ್ಮ! ಅವರಿಗೆ ಗುರುಮಲ್ಲ ಧಾರಾಳವಾಗಿ ಹಾಕಿದ್ದ. ಪಟೇಲರದ್ದಕ್ಕಿಂತ ಒಂದು ಬೆರಳು ಉದ್ದ, ತುದಿ ಎರಡೂ ಮೇಲಕ್ಕೆ ತಿರುವಿದ್ದು!

ಚೆನ್ನಾಜಮ್ಮ ಕಣ್ಣು ಮುಚ್ಚಿಕೊಂಡಳು.

ಶಿವರುದ್ರಮ್ಮ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು. ನೋಡಿದರು. ತಲೆ ಓರೆ ಮಾಡಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ ಹೇಳಿದರು: "ಈ ಮನೇಲಿ ಮೀಸೆ ಯಾರದ್ದು ಅಂತ ಈ ಹುಡುಗನಿಗೆ ಒಬ್ಬನಿಗೇ ಗೊತ್ತಾಗಿರೋದು."

ಮೊದಲು ಮದುಮಗಳು ಕಿಸಕ್ಕಂತು. ಆಮೇಲೆ ಬೀಗಿತ್ತಿ. ಆಮೇಲೆ ಜಗಲಿ ಪೂರ್ತಿ. ಪಟೇಲರು ತಡೆದರು, ತಡೆದರು, ಆ ಮೀಸೆ ನಡುಗೋಕೆ ಶುರುವಾಯ್ತು, ಕೊನೆಗೆ ಗಹಗಹಿಸಿ ನಕ್ಕು ಕೆಮ್ಮು ಬಂದು ನೀರು ಕೇಳಿದರು.

"ಸರಿಯಾದ್ದನ್ನೂ ಮಾಡಿಕೊಡು, ಆಲ್ಬಮ್ಮಿಗೆ. ಇದನ್ನೂ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಡು, ನನ್ನ ಕೋಣೆಗೆ" ಅಂದರು ಶಿವರುದ್ರಮ್ಮ. "ನನಗೊಂದು!" ಅಂದಿತು ಮದುಮಗಳು. "ನಮ್ಮೂರಲ್ಲಿ ಮುಂದಿನ ತಿಂಗಳು ನಮ್ಮ ಅಣ್ಣನ ಮಗಳ ಮದುವೆ, ಈ ಹುಡುಗನೇ ಬರಲಿ!" ಅಂದರು ಬೀಗಿತ್ತಿ.

ಚೆನ್ನಾಜಮ್ಮ ಕಣ್ಣು ಬಿಟ್ಟಳು. ಜಗಲಿ ಅಂಚಲ್ಲಿ ಕೂತಳು. ಎಷ್ಟು ದಿನ ಆಗಿತ್ತೋ ಹಂಗೆ ಸುಮ್ಮನೆ ಕೂತು!

ಕೂತಿದ್ದು ಎಷ್ಟು ಹೊತ್ತು? ಗುರುಮಲ್ಲ ಅವಳನ್ನೇ ದಿಟ್ಟಿಸಿ ನೋಡ್ತಿದ್ದ. ಫೋಟೋ ನೋಡಿದ, ಅವಳನ್ನ ನೋಡಿದ. ಮತ್ತೆ ಫೋಟೋ ನೋಡಿದ. ಒಳಕ್ಕೆ ಹೋದ, ಒಲೆ ಹಿಂದಿನ ಗೋಡೆಗೆ ಬೆರಳು ಒತ್ತಿದ, ಹೆಬ್ಬೆರಳು ತೋರುಬೆರಳು ಎರಡಕ್ಕೂ ಮಸಿ ಮಾಡಿಕೊಂಡು ಬಂದ.

"ಏನ್ ಲಾ ಅದು?"

"ಅಲ್ಲಾಡಬೇಡ ಅವ್ವಾ. ಎಲ್ಲರಿ‍ಗೂ ಆಯ್ತು. ನೀನು ಫೋಟೋದಲ್ಲಿ ಇರಲಿಲ್ಲ ನೋಡು, ನೀನೊಬ್ಬಳು ಉಳ್ಕಂಡೆ!"

"ಬ್ಯಾಡ ಲಾ! ಬ್ಯಾಡ ಕನ ಲಾ ಮಗಾ!"

"ಒಬ್ಬರನ್ನೂ ಬುಡಬೇಡ ಅಂದ್ಯಲ್ಲವ್ವಾ!"

ಚೆನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಓಡಿದಳು. ಮಗ ಎರಡು ಬೆರಳು ಮುಂದೆ ಚಾಚಿಕೊಂಡು ಹಿಂದೆ ಓಡಿದ. ಅವಳು ಸಿಕ್ಕಳೋ ಇಲ್ಲವೋ, ಯಳಂದೂರಿಗೆ ಹೋದಾಗ ಅವಳ ಮುಖ ನೋಡಿ ತಿಳ್ಕಳಿ!